ಲಾಕ್ ಆಸ್ಪತ್ರೆಯಿಂದ ತಾಯಿ ಕಾರ್ಡಿನವರೆಗೆ

ಹಳ್ಳಿಯವರಿಗೆ ಲೈಂಗಿಕ ಆರೋಗ್ಯದ ತಪಾಸಣೆ ಸಿಗುತ್ತಿಲ್ಲ ಎಂಬ ಮಾತು ಬಂದಾಗಲೆಲ್ಲ ಯೋಜನೆ ಹಾಕುವವರು ಮೊದಲು ಅಳೆಯುವುದು ದಾರಿಯನ್ನು. ಆಸ್ಪತ್ರೆ ಎಷ್ಟು ಕಿಲೋಮೀಟರು, ಬಸ್ಸು ದಿನಕ್ಕೆಷ್ಟು, ಲ್ಯಾಬ್ ಟೆಕ್ನೀಷಿಯನ್ ಹುದ್ದೆ ಭರ್ತಿಯಾಗಿದೆಯೋ ಖಾಲಿ ಬಿದ್ದಿದೆಯೋ, ಇಷ್ಟು ಕೇಳಿ ಲೆಕ್ಕ ಮುಗಿಸುತ್ತಾರೆ. ಕೇಳಬೇಕಾದ ಪ್ರಶ್ನೆಗಳೇ, ಸಂಶಯವಿಲ್ಲ. ಆದರೆ ಬೆಂಗಳೂರಿನ ಬಡಗಣ ದಿಕ್ಕಿನ ಊರುಗಳ ಚರಿತ್ರೆಯನ್ನು ಎದುರಿಗಿಟ್ಟುಕೊಂಡರೆ ಈ ಲೆಕ್ಕ ಕೂಡಿಬರುವುದಿಲ್ಲ. ಹೆಬ್ಬಾಳ, ಯಲಹಂಕ, ಯಶವಂತಪುರ ನೂರೈವತ್ತು ವರ್ಷಗಳ ಹಿಂದೆ ಅಪ್ಪಟ ಹಳ್ಳಿಗಳು. ಗುಪ್ತರೋಗದ ತಪಾಸಣೆಗೆಂದೇ ಸರ್ಕಾರ ನಡೆಸುತ್ತಿದ್ದ ಒಂದು ಆಸ್ಪತ್ರೆ ಪಕ್ಕದ ದಂಡು ಪ್ರದೇಶದಲ್ಲೇ ಇತ್ತು. ಹೆಬ್ಬಾಳದಲ್ಲಿ ಗಾಡಿ ಕಟ್ಟಿದರೆ ಒಂದು ಹೊತ್ತಿನ ದಾರಿ. ಅದನ್ನು ಕಂಡರೆ ಜನ ದೂರ ಸರಿಯುತ್ತಿದ್ದರು. ಅದೇ ಜನರ ಮರಿಮೊಮ್ಮಕ್ಕಳ ಕಾಲದಲ್ಲಿ ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯವರು ಎರಡು ಬಸ್ಸು ಬದಲಿಸಿಯಾದರೂ ಪರೀಕ್ಷೆಗೆ ರಕ್ತ ಕೊಡಲು ಬೆಂಗಳೂರಿಗೆ ಬರುವಂತಾಯಿತು. ದೂರ ಹೆಚ್ಚಿತ್ತು, ಆದರೂ ಬಂದರು. ನನ್ನ ವಾದ ಇಷ್ಟೇ: ಈ ತಪಾಸಣೆಯ ಬಾಗಿಲು ಹಳ್ಳಿಯವರಿಗೆ ತೆರೆದದ್ದು ಅದು ಅವರ ಊರಿಗೆ ಹತ್ತಿರವಾದ ದಿನವಲ್ಲ, ಅದರ ಫಲಿತಾಂಶದಿಂದ ರಕ್ತ ಕೊಟ್ಟವರಿಗೇ ಏನಾದರೂ ದಕ್ಕತೊಡಗಿದ ದಿನ.

ಮೊದಲ ಸಾಕ್ಷಿ ದಂಡಿನದೇ. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಕಟ್ಟಿದರು. ಸಿಪಾಯಿಗಳಿಗೆ ಪರಂಗಿ ಹುಣ್ಣು (ಸಿಫಿಲಿಸ್), ಮೇಹ (ಗೊನೊರಿಯಾ) ಮುಂತಾದ ರೋಗಗಳು ಹತ್ತಿಕೊಂಡು ಪಲ್ಟಣದ ಬಲ ಕುಗ್ಗುತ್ತಿದೆ ಎಂಬುದು ಸೇನೆಯ ಹಳೆಯ ಚಿಂತೆ. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದಿಂದಲೇ ಲಾಕ್ ಆಸ್ಪತ್ರೆಗಳೆಂಬ ಹೆಸರಿನ ಮನೆಗಳನ್ನು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು ನಡೆದಿತ್ತು. 1864ರ ದಂಡು ಕಾಯ್ದೆ ಮತ್ತು 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಈ ಏರ್ಪಾಡಿಗೆ ಕಾನೂನಿನ ಬಲ ಕೊಟ್ಟವು. ವೇಶ್ಯಾವೃತ್ತಿಯವರೆಂದು ಗುರುತಿಸಿದ ಹೆಂಗಸರು ಹೆಸರು ನೋಂದಾಯಿಸಬೇಕು, ಟಿಕೆಟ್ ಇಟ್ಟುಕೊಳ್ಳಬೇಕು, ಗೊತ್ತಾದ ದಿನ ಬಂದು ಮೈ ತಪಾಸಣೆ ಮಾಡಿಸಿಕೊಳ್ಳಬೇಕು. ರೋಗವಿದೆಯೆಂದು ವೈದ್ಯನಿಗೆ ಕಂಡರೆ ವಾಸಿಯಾಯಿತೆನ್ನುವವರೆಗೆ ಒಳಗೇ ಇರಬೇಕು. ಸಿಪಾಯಿಯ ಮೇಲೆ ಇಂಥ ಕಾನೂನೇನೂ ಇರಲಿಲ್ಲ. ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಮೇಹದ ಸೂಕ್ಷ್ಮಾಣುವನ್ನು ನೀಸರ್ ಕಂಡದ್ದು 1879ರಲ್ಲಿ, ಪರಂಗಿ ಹುಣ್ಣಿನದನ್ನು ಜರ್ಮನಿಯ ವಿಜ್ಞಾನಿಗಳು ಗುರುತಿಸಿದ್ದು 1905ರಲ್ಲಿ, ರಕ್ತದಲ್ಲಿ ಅದರ ಸುಳಿವು ಹಿಡಿಯುವ ವಾಸ್ಸರ್ಮನ್ ಪರೀಕ್ಷೆ ಬಂದದ್ದು 1906ರಲ್ಲಿ. ಅಂದರೆ 1868ರ ಕಾಯ್ದೆಯಡಿ ನಡೆದದ್ದು ಕಣ್ಣಂದಾಜಿನ ತಪಾಸಣೆ. ಬಿಳಿ ಮುಟ್ಟಿಗೂ ಮೇಹಕ್ಕೂ ವ್ಯತ್ಯಾಸ ಹೇಳಲಾಗದ ಕಾಲದಲ್ಲಿ ಹೆಂಗಸರನ್ನು ಕೂಡಿಹಾಕುವ ಅಧಿಕಾರ ಮಾತ್ರ ಪಕ್ಕಾ ಇತ್ತು. ಅವರಿಗೆ ಕೊಡುತ್ತಿದ್ದ ಪಾದರಸದ ಔಷಧ ರೋಗದಷ್ಟೇ ಕಾಟ ಕೊಡುವಂಥದ್ದು.

ಈ ಏರ್ಪಾಡನ್ನು ಸಾರಾಸಗಟು ದಬ್ಬಾಳಿಕೆಯೆಂದು ಬರೆದು ಮುಂದೆ ಹೋಗುವುದು ಸುಲಭ. ಆದರೆ 1876ರಿಂದ 78ರವರೆಗಿನ ಮಹಾಕ್ಷಾಮ ಅದರೊಳಗೊಂದು ವಿಚಿತ್ರವನ್ನು ತೋರಿಸಿತು. ಮೈಸೂರು ಸೀಮೆ, ಮದ್ರಾಸ್ ಪ್ರೆಸಿಡೆನ್ಸಿ ಎರಡನ್ನೂ ಸುಟ್ಟ ಕ್ಷಾಮ ಅದು. ಆ ವರ್ಷಗಳಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಲಾಕ್ ಆಸ್ಪತ್ರೆಗಳಿಗೆ ಹೆಂಗಸರು ತಾವಾಗಿಯೇ ಬಂದು ಸೇರತೊಡಗಿದರು. ಪೊಲೀಸರು ಅಟ್ಟಿಸಿಕೊಂಡು ಹೋಗಬೇಕಾಗಿದ್ದ ಜಾಗಕ್ಕೆ ಈಗ ನೋಂದಣಿ ಮಾಡಿಕೊಳ್ಳಿರೆಂದು ಕೇಳಿಕೊಂಡು ಬಂದರು. ಒಳಗೆ ಊಟವಿತ್ತು ಎಂಬುದೇ ಕಾರಣ. ಅಧಿಕಾರಿಗಳಿಗೆ ಇದು ಕಿರಿಕಿರಿಯಾಯಿತು. ರೋಗವಿಲ್ಲದವರೂ ಬಂದು ಸರ್ಕಾರದ ಅನ್ನ ಉಣ್ಣುತ್ತಿದ್ದಾರೆಂಬ ದೂರು ಎದ್ದಿತು. ಚರಿತ್ರೆಕಾರ್ತಿ ಸಾರಾ ಹಾಜಸ್ ಈ ಪ್ರಸಂಗವನ್ನು ಕೂಲಂಕಷವಾಗಿ ಪರಿಶೀಲಿಸಿದ್ದಾರೆ. ಕಟ್ಟಡ ಅದೇ, ಬೀಗ ಅದೇ, ತಪಾಸಣೆಯ ಅವಮಾನವೂ ಅದೇ. ಬದಲಾಗಿದ್ದು ಒಂದೇ: ಒಳಹೋದವಳಿಗೆ ಸಿಗುವ ಲಾಭ. ಈ ಲಾಭ ಹಸಿವಿನ ಲಾಭ, ಹೆಮ್ಮೆಪಡುವಂಥದ್ದೇನಲ್ಲ. ಆದರೂ ನಾಚಿಕೆ ಮತ್ತು ಭಯ ಹಳ್ಳಿಯ ಹೆಂಗಸರ ಸ್ವಭಾವದಲ್ಲೇ ಇದೆ, ಅದಕ್ಕೇ ಅವರು ತಪಾಸಣೆಗೆ ಬರುವುದಿಲ್ಲ ಎಂದು ಇಂದಿಗೂ ಕಾರ್ಯಾಗಾರಗಳಲ್ಲಿ ಹೇಳುವವರು ಈ ಪ್ರಸಂಗವನ್ನು ಒಮ್ಮೆ ಗಮನಿಸಬೇಕು. 1888ರಲ್ಲಿ ಬ್ರಿಟಿಷ್ ಸಂಸತ್ತಿನ ಒತ್ತಡದಿಂದ ಕಾಯ್ದೆ ರದ್ದಾಯಿತು. ಆಸ್ಪತ್ರೆಯ ಹೆಸರು ಮರೆತುಹೋಯಿತು, ಗುಪ್ತರೋಗದ ತಪಾಸಣೆ ಎಂದರೆ ಪೊಲೀಸರ ಕೆಲಸ ಎಂಬ ನೆನಪು ಮಾತ್ರ ಬೇಗ ಅಳಿಯಲಿಲ್ಲ.

1881ರಲ್ಲಿ ಮೈಸೂರು ಒಡೆಯರಿಗೆ ಮರಳಿತು; ದಂಡು ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ 1947ರವರೆಗೆ ಬ್ರಿಟಿಷರ ಕೈಯಲ್ಲೇ ಉಳಿಯಿತು. ಹೆಬ್ಬಾಳ, ಯಲಹಂಕಗಳು ಮಹಾರಾಜರ ಆಡಳಿತದ ಹಳ್ಳಿಗಳಾದವು. ಮೈಸೂರು ಸರ್ಕಾರ ಆರೋಗ್ಯದಲ್ಲಿ ಹಿಂದುಳಿದಿತ್ತು ಎನ್ನಲು ಬರುವುದಿಲ್ಲ. ಜಗತ್ತಿನಲ್ಲೇ ಮೊದಲ ಸಾಲಿನ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು 1930ರಲ್ಲಿ ತೆರೆಯಲು ಆದೇಶಿಸಿದ್ದು ಇದೇ ಸರ್ಕಾರ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಲ್ಲಿ 1936ರಲ್ಲಿ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕ ಆರಂಭವಾಯಿತು. ಸ್ವಾತಂತ್ರ್ಯಾನಂತರದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆಗೆ ಬೀಜ ಬಿದ್ದದ್ದು ಇಂಥ ಪ್ರಯೋಗಗಳಿಂದ. ಆದರೆ ಆ ಘಟಕಗಳ ಮುಖ್ಯ ಕಾಳಜಿ ಮಲೇರಿಯಾ, ಕೊಕ್ಕೆಹುಳು, ಸಿಡುಬು, ಹೆರಿಗೆ, ಚರಂಡಿ. ಗುಪ್ತರೋಗದ ಚಿಕಿತ್ಸೆ ಪಟ್ಟಣದ ದೊಡ್ಡಾಸ್ಪತ್ರೆಯ ಮೂಲೆಯ ಕೋಣೆಯಲ್ಲೇ ಉಳಿಯಿತು. ಕಾರಣವೂ ಇತ್ತು. 1910ರಲ್ಲಿ ಬಂದ ಸಾಲ್ವರ್ಸಾನ್ ಚುಚ್ಚುಮದ್ದು ದುಬಾರಿ, ಅಪಾಯಕಾರಿ, ಅದನ್ನು ತಿಂಗಳುಗಟ್ಟಲೆ ಕೊಡಬೇಕು. ಹಳ್ಳಿಗೆ ಹೋಗಿ ರಕ್ತ ತೆಗೆದರೂ ಕೊಡುವುದಕ್ಕೆ ಕೈಯಲ್ಲಿ ಮದ್ದಿಲ್ಲ. ಮದ್ದಿಲ್ಲದ ಮೇಲೆ ಪರೀಕ್ಷೆ ಯಾಕೆ ಎಂಬ ಪ್ರಶ್ನೆಗೆ ಆಗಿನ ವೈದ್ಯರ ಬಳಿ ಪ್ರಾಮಾಣಿಕ ಉತ್ತರವಿರಲಿಲ್ಲ.

ಮನುಷ್ಯರ ಕಥೆ ಹೀಗಿರುವಾಗ ಹೆಬ್ಬಾಳದಲ್ಲೇ ದನಗಳ ಕಥೆ ಬೇರೆ ದಾರಿ ಹಿಡಿದಿತ್ತು. 1925ರಲ್ಲಿ ಅಲ್ಲಿ ಸೀರಂ ಸಂಸ್ಥೆ ಸ್ಥಾಪನೆಯಾಯಿತು; ದನಗಳ ದೊಡ್ಡರೋಗಕ್ಕೆ ಸೀರಂ ತಯಾರಿಸಿ ಹಳ್ಳಿಗಳಿಗೆ ಕಳಿಸುವುದು ಅದರ ಕೆಲಸ. ರೈತ ಅದನ್ನು ಬೇಡವೆನ್ನಲಿಲ್ಲ, ಎತ್ತು ಉಳಿದರೆ ಉಳುಮೆ ಉಳಿಯುತ್ತದೆ. 1958ರಲ್ಲಿ ಹೆಬ್ಬಾಳಕ್ಕೆ ಪಶುವೈದ್ಯ ಕಾಲೇಜು ಬಂತು. ಇಂದು ಯಲಹಂಕದಲ್ಲಿ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಸಂಸ್ಥೆಯಿದೆ. ದನ ಕಂದು ಹಾಕಲು ಕಾರಣವಾಗುವ ಬ್ರುಸೆಲ್ಲೋಸಿಸ್ ಪತ್ತೆಯಲ್ಲಿ ಅದಕ್ಕೆ ಹೆಸರಿದೆ. ಈ ರೋಗದ ಒಂದು ಹಳೆಯ ಪರೀಕ್ಷೆ ನೋಡುವಂಥದ್ದು. ಡೈರಿಗೆ ಬಂದ ಹಾಲನ್ನು ಸ್ವಲ್ಪ ಕೊಳವೆಗೆ ಹಾಕಿ, ಬಣ್ಣ ಕಟ್ಟಿದ ಒಂದೆರಡು ಹನಿ ದ್ರಾವಣ ಬೆರೆಸಿ, ಬೆಚ್ಚಗೆ ಒಂದು ಗಂಟೆ ಇಟ್ಟರೆ ಸೋಂಕಿರುವ ಹಾಲಿನ ಮೇಲೆ ಕೆನೆಯ ಜಾಗದಲ್ಲಿ ನೀಲಿ ಬಳೆ ಕಟ್ಟುತ್ತದೆ. ಯಾರ ಮನೆಯ ದನ ಎಂದು ಮೊದಲೇ ಕೇಳಬೇಕಿಲ್ಲ, ದನವನ್ನು ಊರ ಮುಂದೆ ನಿಲ್ಲಿಸಬೇಕಿಲ್ಲ. ದನಕ್ಕೂ ಮನುಷ್ಯರಿಗೂ ಹೋಲಿಕೆ ಮಾಡುವುದು ನನ್ನ ಉದ್ದೇಶವಲ್ಲ. ಬ್ರುಸೆಲ್ಲೋಸಿಸ್ ಹಿಡಿದ ದನಕ್ಕೆ ಆಗುವ ಗತಿ ಬೇರೆ. ಗಮನಿಸಬೇಕಾದ್ದು ಇಷ್ಟು: ಅದೇ ಹೆಬ್ಬಾಳದ ಸುತ್ತಿನ ರೈತನಿಗೆ ದನದ ಸಂತಾನದ ರೋಗ ಪತ್ತೆ ಮಾಡಿಸುವುದು ಜಾಣತನವೆನಿಸಿತ್ತು, ತನ್ನದು ಮಾಡಿಸುವುದು ಮಾನ ಹೋಗುವ ಕೆಲಸವೆನಿಸಿತ್ತು. ಮೊದಲನೆಯದರಲ್ಲಿ ಲಾಭ ಅವನದು. ಎರಡನೆಯದರಲ್ಲಿ ಲಾಭ ಯಾರದೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ಪೆನಿಸಿಲಿನ್ ಈ ಲೆಕ್ಕವನ್ನು ಬದಲಿಸಿತು. 1943ರಲ್ಲಿ ಅದು ಸಿಫಿಲಿಸ್ ಗುಣಪಡಿಸುತ್ತದೆಂದು ಗೊತ್ತಾಯಿತು, 1946ರಲ್ಲಿ ವಿ.ಡಿ.ಆರ್.ಎಲ್. ಎಂಬ ಅಗ್ಗದ ರಕ್ತಪರೀಕ್ಷೆ ಬಂತು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆ ಸ್ಥಾಪನೆಯಾಗಿ ಮದ್ದು ದೇಶದಲ್ಲೇ ತಯಾರಾಗತೊಡಗಿತು. ಭಾರತದ ಹಳ್ಳಿಗಳಲ್ಲಿ ಸಿಫಿಲಿಸ್ ತಪಾಸಣೆ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಇದೇ ಹೊತ್ತಿನಲ್ಲಿ, ಅದೂ ಬಸ್ಸೇ ಹೋಗದ ಹಿಮಾಚಲದ ಗುಡ್ಡಗಾಡಿನಲ್ಲಿ. 1949ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಡವೊಂದು ಅಲ್ಲಿ ರಕ್ತ ತೆಗೆದು ಪೆನಿಸಿಲಿನ್ ಚುಚ್ಚಿತು. ದಾರಿ ಕಷ್ಟವಿದ್ದರೂ ಸೂಜಿಯ ಹಿಂದೆ ಮದ್ದಿತ್ತು. ಕರ್ನಾಟಕದ ಬಯಲುಸೀಮೆಯಲ್ಲಿ ಹಾಗಾಗಲಿಲ್ಲ. ಇಲ್ಲಿ ವಿ.ಡಿ.ಆರ್.ಎಲ್. ಮಾಡುವವರು ಪಟ್ಟಣದಲ್ಲಿ ಕೂತರು. ಆ ಪರೀಕ್ಷೆಯ ರೀತಿಯೇ ಹಾಗೆ: ರಕ್ತದಿಂದ ಸೀರಂ ಬೇರ್ಪಡಿಸಬೇಕು, 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಬೇಕು, ಗಾಜಿನ ಪಟ್ಟಿಯ ಮೇಲೆ ಹನಿ ಹಾಕಿ ಯಂತ್ರದಲ್ಲಿ ತಿರುಗಿಸಿ ಸೂಕ್ಷ್ಮದರ್ಶಕದಲ್ಲಿ ಹೆಪ್ಪು ಕಟ್ಟಿದೆಯೇ ನೋಡಬೇಕು. ಕರೆಂಟಿಲ್ಲದ ಆರೋಗ್ಯ ಕೇಂದ್ರದಲ್ಲಿ ಇದು ಆಗದ ಮಾತು. ಇಲ್ಲಿ ದಾರಿಯ ವಾದಕ್ಕೆ ಸಲ್ಲಬೇಕಾದ್ದು ಸಲ್ಲಲಿ: ರಕ್ತ ಒಂದು ದಿನ, ಉತ್ತರ ಇನ್ನೊಂದು ದಿನ ಎಂದಾದರೆ ಕೂಲಿ ಬಿಟ್ಟು ಎರಡು ಸಲ ಬರುವವರು ಕಡಿಮೆಯೇ. ತಪಾಸಣೆ ಮಾಡಿಸಿಕೊಂಡು ಫಲಿತಾಂಶ ಕೇಳಲು ಬಾರದವರ ಸಾಲು ಎಲ್ಲ ಕಾಲದ ವರದಿಗಳಲ್ಲೂ ಉದ್ದವೇ ಇದೆ.

ಆಮೇಲೆ ಬಂದದ್ದು ಎಚ್.ಐ.ವಿ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ದೇಶದ ಮೊದಲ ಪ್ರಕರಣಗಳನ್ನು ಪತ್ತೆ ಹಚ್ಚಿದರು; ರಕ್ತ ಕೊಟ್ಟವರು ಲೈಂಗಿಕ ವೃತ್ತಿಯ ಹೆಂಗಸರು. ಪತ್ತೆಯೇನೋ ಅಗತ್ಯದ್ದು. ಆದರೆ ನಂತರದ ಹದಿನೆಂಟು ವರ್ಷ ಲಾಕ್ ಆಸ್ಪತ್ರೆಯ ತರ್ಕವೇ ಹೊಸ ವೇಷದಲ್ಲಿ ಮರಳಿ ಬಂತೆಂದು ನನಗನಿಸುತ್ತದೆ. ನೆರೆಯ ಗೋವಾದಲ್ಲಿ 1989ರಲ್ಲಿ ರಕ್ತದಾನ ಮಾಡಿದ ಡೊಮಿನಿಕ್ ಡಿಸೋಜಾ ಎಂಬ ಯುವಕನನ್ನು ಸೋಂಕಿದೆಯೆಂದು ಪೊಲೀಸರು ಕರೆದೊಯ್ದು, ಅಲ್ಲಿನ ಆರೋಗ್ಯ ಕಾಯ್ದೆಯಡಿ ಎರಡು ತಿಂಗಳು ಕೂಡಿಹಾಕಿದರು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, 1997ರ ಕೊನೆಯಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಬಂತು, ಜಿಲ್ಲಾಸ್ಪತ್ರೆಗಳಲ್ಲಿ ಸ್ವಯಂಪ್ರೇರಿತ ತಪಾಸಣಾ ಕೇಂದ್ರಗಳು ತೆರೆದವು. ಅಷ್ಟೆಲ್ಲ ಆದರೂ ‘ಪಾಸಿಟಿವ್’ ಎಂದಾದ ಹಳ್ಳಿಯವನ ಕೈಗೆ ಸಿಗುತ್ತಿದ್ದದ್ದು ಒಂದು ಚೀಟಿ, ಒಂದಿಷ್ಟು ಸಮಾಧಾನದ ಮಾತು. ಮದ್ದಿತ್ತು, ತಿಂಗಳಿಗೆ ಸಾವಿರಾರು ರೂಪಾಯಿ ಬೆಲೆಗೆ. ಊರಿಗೆ ಗೊತ್ತಾದರೆ ಬಾವಿ, ಹೋಟೆಲು, ಮಗಳ ಮದುವೆ ಎಲ್ಲ ಕೈತಪ್ಪುವುದು ಖಚಿತ. ಗೊತ್ತು ಮಾಡಿಕೊಂಡು ಗಳಿಸುವುದು ಏನೂ ಇಲ್ಲ. ಇಂಥ ಸ್ಥಿತಿಯಲ್ಲಿ ತಪಾಸಣೆಗೆ ಹೋಗದವನನ್ನು ಅಜ್ಞಾನಿ ಎಂದು ಕರೆಯುವುದು ತಪ್ಪು. ಅವನು ಲೆಕ್ಕ ಸರಿಯಾಗಿಯೇ ಹಾಕಿದ್ದ.

ಆ ಕತ್ತಲೆಯ ವರ್ಷಗಳಲ್ಲೇ ಉತ್ತರ ಬೆಂಗಳೂರು ತನ್ನ ಪಾತ್ರ ವಹಿಸತೊಡಗಿತು. ಹಳ್ಳಿ ಬೆಂಗಳೂರಿಗೆ ಇಳಿಯುವ ಮೆಟ್ಟಿಲು ಈ ದಿಕ್ಕು. ಯಶವಂತಪುರದಿಂದ ಯಲಹಂಕ, ದೊಡ್ಡಬಳ್ಳಾಪುರ ದಾಟಿ ಹಿಂದೂಪುರದ ಕಡೆಗೆ ರೈಲು ಹೋಗುತ್ತದೆ. ಯಲಹಂಕಕ್ಕೆ ಒಂದು ಕಾಲದಲ್ಲಿ ಚಿಕ್ಕಬಳ್ಳಾಪುರದ ಕಡೆಯಿಂದ ಕಿರುಹಳಿಯ ರೈಲು ಬರುತ್ತಿತ್ತು. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡು, ತುಮಕೂರು ರಸ್ತೆಯ ಲಾರಿಗಳು, ಪೀಣ್ಯದ ಕಾರ್ಖಾನೆಗಳು ದಿನವೂ ಸಾವಿರಾರು ಹಳ್ಳಿಗರನ್ನು ಎಳೆದು ತರುತ್ತವೆ. ಬಳ್ಳಾರಿ ರಸ್ತೆಯಲ್ಲಿ, ಹೆಬ್ಬಾಳದ ಬಳಿ 1973ರಲ್ಲಿ ಬ್ಯಾಪ್ಟಿಸ್ಟ್ ಆಸ್ಪತ್ರೆ ತೆರೆಯಿತು. ದೇವನಹಳ್ಳಿ ಕಡೆಯ ಹಳ್ಳಿಗಳಿಗೆ ಅದು ತಮ್ಮ ಆಸ್ಪತ್ರೆಯೇ ಆಯಿತು. 1998ರಲ್ಲಿ ಡಾ. ಗ್ಲೋರಿ ಅಲೆಕ್ಸಾಂಡರ್ ಹೆಬ್ಬಾಳದ ಆಸುಪಾಸಿನಿಂದ ಆಶಾ ಫೌಂಡೇಷನ್ ಆರಂಭಿಸಿ ಎಚ್.ಐ.ವಿ. ಇರುವವರಿಗೆ ಆಪ್ತಸಲಹೆ, ಚಿಕಿತ್ಸೆ, ತಾಯಿಯಿಂದ ಮಗುವಿಗೆ ಸೋಂಕು ತಗುಲದಂತೆ ತಡೆಯುವ ಕೆಲಸ ಕೈಗೆತ್ತಿಕೊಂಡರು. ಹೆಣ್ಣೂರಿನ ಕಡೆ ಫ್ರೀಡಂ ಫೌಂಡೇಷನ್ ಸೋಂಕಿತರನ್ನು ಒಳರೋಗಿಗಳಾಗಿ ಸೇರಿಸಿಕೊಂಡಿತು, ಎಷ್ಟೋ ಆಸ್ಪತ್ರೆಗಳು ಮುಟ್ಟಲು ಹಿಂಜರಿಯುತ್ತಿದ್ದ ಕಾಲದಲ್ಲಿ. ಇವುಗಳ ಮಹತ್ವ ಕಟ್ಟಡದ್ದಲ್ಲ. ರಕ್ತ ಕೊಟ್ಟ ಮೇಲೆ ಮುಂದೇನು ಎಂಬುದಕ್ಕೆ ಇಲ್ಲೊಂದು ಉತ್ತರವಿತ್ತು, ಜೊತೆಗೆ ಊರಿನ ನಾಲ್ಕು ಜನರ ಕಣ್ಣು ಇಲ್ಲಿರಲಿಲ್ಲ.

ಹಳ್ಳಿಗಳಲ್ಲಿ ಸೋಂಕು ಕಡಿಮೆ, ಅದು ಪೇಟೆಯ ರೋಗ ಎಂಬ ಭ್ರಮೆ ಒಡೆದದ್ದು ಬಾಗಲಕೋಟೆಯಲ್ಲಿ. ಭಾರತ–ಕೆನಡಾ ಸಹಯೋಗದ ಯೋಜನೆಯಡಿ ಅಲ್ಲಿ ನಡೆದ ಜನಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 2.9ರಷ್ಟು ಜನರಿಗೆ ಸೋಂಕು ಕಂಡಿತು, ತಾಲ್ಲೂಕಿನಿಂದ ತಾಲ್ಲೂಕಿಗೆ ಭಾರಿ ಏರುಪೇರು. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇಡೀ ಕರ್ನಾಟಕಕ್ಕೆ ಕಂಡುಕೊಂಡದ್ದು ಶೇ. 0.69. ರಾಜ್ಯದ ಸರಾಸರಿಯಲ್ಲಿ ಇಂಥ ಜಿಲ್ಲೆಯ ಕಥೆ ಅಡಗಿಹೋಗುತ್ತದೆ. 2004ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಎಚ್.ಐ.ವಿ.ಯನ್ನು ಹತೋಟಿಯಲ್ಲಿಡುವ ಎ.ಆರ್.ಟಿ. ಮಾತ್ರೆ ಸರ್ಕಾರದಿಂದ ಉಚಿತವಾಗಿ ಸಿಗತೊಡಗಿತು. ನನ್ನ ವಾದದ ತಿರುಳು ಈ ದಿನಾಂಕದಲ್ಲಿದೆ. ಆಮೇಲೆ ತಪಾಸಣಾ ಕೇಂದ್ರಗಳು ಐ.ಸಿ.ಟಿ.ಸಿ. ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಳಿದವು. ಲಿಂಕ್ ವರ್ಕರುಗಳೆಂಬ ಕಾರ್ಯಕರ್ತರು ಹಳ್ಳಿಗೆ ಹೋದರು. ಅವರ ಚೀಲದಲ್ಲಿ ಈಗ ಹೇಳಿಕೊಳ್ಳುವಂಥ ಒಂದು ಮಾತಿತ್ತು: ಗೊತ್ತಾದರೆ ಬದುಕುತ್ತೀರಿ. ಆದರೂ ಆ ಮಾತು ಪೂರ್ತಿ ನಿಜವಾಗಲು ಇನ್ನೂ ಹದಿಮೂರು ವರ್ಷ ಬೇಕಾಯಿತು. ರಕ್ತದಲ್ಲಿ ರೋಗನಿರೋಧಕ ಸಿ.ಡಿ.4 ಕಣಗಳ ಎಣಿಕೆ ಒಂದು ಮಿತಿಗಿಂತ ಕೆಳಗಿಳಿದವರಿಗಷ್ಟೇ ಮಾತ್ರೆ, ಉಳಿದವರು ಆರು ತಿಂಗಳು ಬಿಟ್ಟು ಬನ್ನಿ ಎಂಬ ನಿಯಮವಿತ್ತು. ಬನ್ನಿ ಎಂದವರಲ್ಲಿ ಬಹಳ ಜನ ಬರಲೇ ಇಲ್ಲ. 2017ರಲ್ಲಿ ಸೋಂಕು ಕಂಡವರೆಲ್ಲರಿಗೂ ಕೂಡಲೇ ಚಿಕಿತ್ಸೆ ಎಂಬ ನೀತಿ ಬಂದ ಮೇಲೆ ತಪಾಸಣೆಗೂ ಮದ್ದಿಗೂ ನಡುವಿನ ಆ ಕಂದಕ ಮುಚ್ಚಿತು.

ಎಲ್ಲಕ್ಕಿಂತ ಹೆಚ್ಚು ಹಳ್ಳಿಯ ಹೆಂಗಸರನ್ನು ತಲುಪಿದ ತಪಾಸಣೆ ಮಾತ್ರ ಲೈಂಗಿಕ ಆರೋಗ್ಯದ ಹೆಸರನ್ನೇ ಹೊತ್ತಿರಲಿಲ್ಲ. ಬಸುರಿಯ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ ಬರೆಯುವ ಸಾಲಿನಲ್ಲೇ ಎಚ್.ಐ.ವಿ. ಮತ್ತು ವಿ.ಡಿ.ಆರ್.ಎಲ್. ಬಂದು ಕೂತವು. ಬೆರಳ ತುದಿಗೆ ಸೂಜಿ, ಪಟ್ಟಿಯ ಗುಂಡಿಗೆ ಒಂದು ಹನಿ ರಕ್ತ, ಮೇಲೆರಡು ಹನಿ ದ್ರಾವಣ, ಕಾಲು ಗಂಟೆ ಕಾಯುವುದು. ಒಂದು ಗೆರೆ ಮೂಡಿದರೆ ಸೋಂಕಿಲ್ಲ, ಎರಡು ಮೂಡಿದರೆ ದೊಡ್ಡ ಕೇಂದ್ರದಲ್ಲಿ ಮತ್ತೆ ಖಚಿತಪಡಿಸಬೇಕು, ಮೂಡಲೇಬೇಕಾದ ಗೆರೆಯೇ ಮೂಡದಿದ್ದರೆ ಆ ಪಟ್ಟಿ ಕೆಟ್ಟದ್ದು, ಇನ್ನೊಂದು ತೆಗೆಯಬೇಕು. ಇಷ್ಟನ್ನು ನರ್ಸಮ್ಮ ಅಂಗನವಾಡಿಯಲ್ಲೇ ಮಾಡಿ ಮುಗಿಸಬಲ್ಲಳು. 2008ರಿಂದ ಮೈಸೂರು ತಾಲ್ಲೂಕಿನ ಹಳ್ಳಿಗಳಲ್ಲಿ ಕಿಸಲಯ ಎಂಬ ಯೋಜನೆ ಸಂಚಾರಿ ವಾಹನದಲ್ಲಿ ಬಸುರಿಯರ ತಪಾಸಣೆಯನ್ನೂ ಎಚ್.ಐ.ವಿ. ಪರೀಕ್ಷೆಯನ್ನೂ ಒಟ್ಟಿಗೆ ಒಯ್ದು, ಎರಡನ್ನೂ ಕೂಡಿಸಿದರೆ ಹೆಂಗಸರು ಬರುತ್ತಾರೆಂದು ತೋರಿಸಿತು. ಇದಕ್ಕೊಂದು ತಕರಾರಿದೆ, ತೂಕದ ತಕರಾರು. ಹತ್ತು ಪರೀಕ್ಷೆಗಳ ನಡುವೆ ಎಚ್.ಐ.ವಿ.ಯನ್ನೂ ಸೇರಿಸಿಬಿಟ್ಟರೆ ಅವಳು ಒಪ್ಪಿದ್ದು ಯಾವುದಕ್ಕೆ? ಬೇಡವೆನ್ನುವ ಧೈರ್ಯ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತವಳಿಗೆ ಬರುತ್ತದೆಯೇ? 2017ರ ಎಚ್.ಐ.ವಿ. ಕಾಯ್ದೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯುವುದನ್ನು ಕಡ್ಡಾಯ ಮಾಡಿದೆ, ಗುಟ್ಟು ಕಾಯುವುದನ್ನೂ. ಕಾಗದದ ಮೇಲೆ ಒಪ್ಪಿಗೆ, ಸಾಲಿನಲ್ಲಿ ಅವಸರ. ಇದು ಇಂದಿನ ವಾಸ್ತವ. ಆದರೂ ಲಾಕ್ ಆಸ್ಪತ್ರೆಯ ಬಲವಂತಕ್ಕೂ ಇದಕ್ಕೂ ಒಂದು ವ್ಯತ್ಯಾಸ ಉಳಿಯುತ್ತದೆ: ಇಲ್ಲಿ ಸೋಂಕು ಕಂಡವಳಿಗೆ ಅದೇ ವಾರ ಮದ್ದು ಶುರುವಾಗುತ್ತದೆ, ಮಗು ಸೋಂಕಿಲ್ಲದೆ ಹುಟ್ಟುವ ಸಾಧ್ಯತೆ ಬಹಳ ಹೆಚ್ಚು. ನನಗೆ ಹೆಚ್ಚು ಕಾಡುವ ಕೊರತೆ ಬೇರೆ. ಈ ಲಾಭವನ್ನೂ ನಾವು ಅವಳಿಗೆ ಕೊಟ್ಟದ್ದು ತಾಯಿಯಾಗುವವಳು ಎಂಬ ಕಾರಣಕ್ಕೆ. ಹೆರಿಗೆಯ ವಯಸ್ಸು ದಾಟಿದವಳು, ವಿಧವೆ, ಮಕ್ಕಳಾಗದವಳು, ಆಪರೇಷನ್ ಮಾಡಿಸಿಕೊಂಡವಳು ಈ ಕಾರ್ಡಿನ ಹೊರಗೆ ಉಳಿದಳು. ಹಿಂದೆ ಸಿಪಾಯಿಗಾಗಿ, ಈಗ ಕೂಸಿಗಾಗಿ.

ಗಂಡಸರ ಸಂಗತಿ ಇನ್ನೂ ಕಷ್ಟದ್ದು, ಯಾಕೆಂದರೆ ಅವರನ್ನು ಆರೋಗ್ಯ ಕೇಂದ್ರಕ್ಕೆ ತರುವ ಯಾವ ನೆಪವೂ ನಮ್ಮಲ್ಲಿಲ್ಲ. ಬಸ್ ನಿಲ್ದಾಣದ ಗೋಡೆಗಳ ಮೇಲೆ ಗುಪ್ತರೋಗ ತಜ್ಞರು ಇಂಥ ದಿನ ಇಂಥ ಲಾಡ್ಜಿನಲ್ಲಿ ಸಿಗುತ್ತಾರೆಂದು ಅಂಟಿಸುವ ಕಾಗದಗಳು ದಶಕಗಳಿಂದ ಹಾಗೇ ಇವೆ, ಅಂದರೆ ಗಿರಾಕಿಗಳಿದ್ದಾರೆ. ಆ ತಜ್ಞ ಮಾರುವ ಸರಕು ಗುಟ್ಟು ಮತ್ತು ಭರವಸೆ, ಎರಡೂ ನಮ್ಮ ಸರ್ಕಾರಿ ಕೇಂದ್ರದಲ್ಲಿ ದುರ್ಲಭ. ಲಾರಿ ನಿಲ್ಲುವ ಹೆದ್ದಾರಿಯ ಜಾಗಗಳಲ್ಲಿ ಖುಷಿ ಕ್ಲಿನಿಕ್ ಎಂಬ ಹೆಸರಿನಲ್ಲಿ 2000ದ ದಶಕದಲ್ಲಿ ತೆರೆದ ಚಿಕಿತ್ಸಾಲಯಗಳು ಇದನ್ನು ಸ್ವಲ್ಪ ಅರ್ಥಮಾಡಿಕೊಂಡಿದ್ದವು; ಜ್ವರ, ಮೈಕೈ ನೋವು, ಗುಪ್ತರೋಗ ಎಲ್ಲವನ್ನೂ ಒಂದೇ ಬಾಗಿಲಲ್ಲಿ ನೋಡುತ್ತಿದ್ದರು. ಪ್ರತ್ಯೇಕ ಬಾಗಿಲಿಲ್ಲದೆ ಲೈಂಗಿಕ ವೃತ್ತಿಯವರನ್ನು, ಸಲಿಂಗಿ ಗಂಡಸರನ್ನು, ತೃತೀಯಲಿಂಗಿಗಳನ್ನು ತಲುಪುವುದು ಸಾಧ್ಯವೇ ಎಂದು ಕೇಳುವವರಿದ್ದಾರೆ. ಅವರ ಮಾತು ಸರಿ. ಬೆಂಗಳೂರಿನಲ್ಲಿ ಸ್ವಾತಿ ಮಹಿಳಾ ಸಂಘ, ಮೈಸೂರಿನಲ್ಲಿ ಆಶೋದಯ ಸಮಿತಿ ಬೆಳೆದದ್ದು ಪ್ರತ್ಯೇಕ ಬಾಗಿಲಿನಿಂದಲೇ. ಅವು ಗೆದ್ದದ್ದು ಆ ಬಾಗಿಲ ಬೀಗದ ಕೈ ವೃತ್ತಿಯವರ ಸಂಘದ ಬಳಿಯೇ ಇದ್ದದ್ದರಿಂದ. ನೂರೈವತ್ತು ವರ್ಷ ಹಿಂದೆ ಅದು ಪೊಲೀಸರ ಸೊಂಟದಲ್ಲಿತ್ತು.

ಹತ್ತಿರದ ಕೇಂದ್ರವನ್ನು ಬಿಟ್ಟು ದೂರಕ್ಕೆ ಬರುವವರ ಬಗ್ಗೆ ಆರೋಗ್ಯ ಇಲಾಖೆಗೆ ಒಂದು ಅಸಮಾಧಾನವಿದೆ. ಊರಲ್ಲೇ ಉಚಿತವಾಗಿ ಸಿಗುವಾಗ ಯಲಹಂಕಕ್ಕೋ ಮಲ್ಲೇಶ್ವರದ ಕೆ.ಸಿ. ಜನರಲ್‌ಗೋ ಹೋಗುವುದೇಕೆ ಎಂದು. ಉತ್ತರ ಕಷ್ಟದ್ದಲ್ಲ. ಊರಿನ ಆಶಾ ಕಾರ್ಯಕರ್ತೆ ಪಕ್ಕದ ಬೀದಿಯ ಸೊಸೆ. ಲ್ಯಾಬಿನವನು ಸಂಬಂಧದಲ್ಲಿ ಭಾವಮೈದ. ಅವರು ಬಾಯಿ ಬಿಡುವವರೆಂದಲ್ಲ, ಬಿಡಲಾರರೆಂಬ ಭರವಸೆ ಯಾರೂ ಕೊಡಲಾರರು. ಗುಟ್ಟು ಕೂಡ ತಪಾಸಣೆಯಿಂದ ಸಿಗಬೇಕಾದ ಲಾಭದ ಭಾಗವೇ, ಬಸ್ ಚಾರ್ಜು ಅದಕ್ಕೆ ತೆರುವ ಬೆಲೆ. ಹಾಗೆಂದು ಎಲ್ಲರೂ ನಗರಕ್ಕೇ ಬರಲಿ ಎನ್ನುವುದು ಮೂರ್ಖತನ. ಬಸುರಿಗೆ, ಕೂಲಿಯವನಿಗೆ, ಕಾಯಿಲೆ ಬಿದ್ದವನಿಗೆ ಮನೆ ಹತ್ತಿರ ಸಿಗಲೇಬೇಕು. ಎರಡೂ ಇರಬೇಕು, ಎಲ್ಲಿ ಪರೀಕ್ಷೆ ಮಾಡಿಸಿದರೂ ಎಲ್ಲಿ ಬೇಕೋ ಅಲ್ಲಿ ಮದ್ದು ಸಿಗಬೇಕು. ಸೋಂಕಿನ ಪ್ರಮಾಣ ಈಗ ಇಳಿದಿದೆಯಲ್ಲ, ಇಷ್ಟೆಲ್ಲ ಯಾಕೆ ಎಂಬುದು ಇನ್ನೊಂದು ಮಾತು. ಎಚ್.ಐ.ವಿ. ಇಳಿದದ್ದು ನಿಜ, ಕರ್ನಾಟಕದಲ್ಲಿ ವಯಸ್ಕರ ಶೇಕಡಾ ಅರ್ಧದ ಆಸುಪಾಸಿಗೆ ಬಂದಿದೆ. ಆದರೂ ಅದು ದೇಶದ ಸರಾಸರಿಯ ಸುಮಾರು ಎರಡು ಪಟ್ಟು. ಮತ್ತು ಲೈಂಗಿಕ ಆರೋಗ್ಯ ಎಂದರೆ ಎಚ್.ಐ.ವಿ. ಒಂದೇ ಎಂದು ನಂಬಿಸಿದ್ದು ಹಣ ಬಂದ ದಾರಿ, ರೋಗದ ನಡತೆಯಲ್ಲ.

ಎಚ್.ಐ.ವಿ., ಸಿಫಿಲಿಸ್ ಬಿಟ್ಟರೆ ಉಳಿದ ರೋಗಗಳಿಗೆ ಹಳ್ಳಿಯಲ್ಲಿ ಇಂದಿಗೂ ಪರೀಕ್ಷೆಯೇ ಇಲ್ಲ ಎಂದರೆ ಉತ್ಪ್ರೇಕ್ಷೆಯಾಗದು. ಲಕ್ಷಣ ಕೇಳಿ ಮದ್ದು ಕೊಡುವ ಪದ್ಧತಿ ಅಲ್ಲಿರುವುದು. ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಬಣ್ಣದ ಪೊಟ್ಟಣಗಳಿವೆ: ಮೂತ್ರನಾಳದ ಸ್ರಾವಕ್ಕೆ ಬೂದು, ಬಿಳಿ ಮುಟ್ಟಿಗೆ ಹಸಿರು, ಹುಣ್ಣಿಗೆ ಬಿಳಿ ಅಥವಾ ನೀಲಿ, ಕಿಬ್ಬೊಟ್ಟೆಯ ನೋವಿಗೆ ಹಳದಿ. ಲ್ಯಾಬಿಲ್ಲದ ಕಡೆ ಇದು ಜಾಣ ಏರ್ಪಾಡು, ರೋಗಿ ಬರಿಗೈಲಿ ಹೋಗುವುದಿಲ್ಲ; ಆ ಮಟ್ಟಿಗೆ ನನ್ನ ವಾದಕ್ಕೇ ಇದು ಸಾಕ್ಷಿ. ಆದರೆ ಕ್ಲಮೈಡಿಯಾ, ಗೊನೊರಿಯಾ ಹೆಂಗಸರಲ್ಲಿ ಬಹುತೇಕ ಲಕ್ಷಣವನ್ನೇ ತೋರಿಸುವುದಿಲ್ಲ, ತೋರಿಸದೆಯೇ ಗರ್ಭನಾಳವನ್ನು ಕೆಡಿಸುತ್ತವೆ. ಬಿಳಿ ಮುಟ್ಟು ಎಂದು ಬಂದವಳಿಗೆ ಆ ಸೋಂಕು ಇಲ್ಲದೆಯೂ ಇರಬಹುದು. ಲಕ್ಷಣವಿಲ್ಲದವಳಿಗೆ ಪೊಟ್ಟಣವಿಲ್ಲ, ರೋಗವಿಲ್ಲದವಳಿಗೆ ಪೊಟ್ಟಣವಿದೆ. ಮಕ್ಕಳಾಗಲಿಲ್ಲವೆಂದು ಹತ್ತು ವರ್ಷ ದೇವರು ದಿಂಡರು ಸುತ್ತಿ ಕೊನೆಗೆ ನಗರದ ಖಾಸಗಿ ಆಸ್ಪತ್ರೆಯಲ್ಲಿ ಲಕ್ಷಗಟ್ಟಲೆ ಸುರಿಯುವ ದಂಪತಿಗಳ ಪೈಕಿ ಎಷ್ಟೋ ಮಂದಿಯ ಕಷ್ಟ ಇಲ್ಲಿ ಶುರುವಾಗಿರುತ್ತದೆ. ಇದಕ್ಕೆ ಬೇಕಾದ ಯಂತ್ರ ದೂರದಲ್ಲೇನೂ ಇಲ್ಲ. ಕ್ಷಯ ಪತ್ತೆಗೆಂದು ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಬಂದಿರುವ ಸಿ.ಬಿ.ನ್ಯಾಟ್ ಯಂತ್ರಕ್ಕೆ ಕ್ಲಮೈಡಿಯಾ ಮತ್ತು ಗೊನೊರಿಯಾದ ಕಾರ್ಟ್ರಿಜ್ ಕೂಡ ತಯಾರಾಗುತ್ತದೆ. ಮಾದರಿಯನ್ನು ಹೆಂಗಸು ತಾನೇ ತೆಗೆದುಕೊಡಬಹುದು, ಉತ್ತರ ಒಂದೂವರೆ ಗಂಟೆಯಲ್ಲಿ ಬರುತ್ತದೆ, ಎರಡೂ ಸೋಂಕಿಗೆ ಕೊಡಬೇಕಾದ ಮಾತ್ರೆ ಅದೇ ಆಸ್ಪತ್ರೆಯ ಬೂದು ಪೊಟ್ಟಣದಲ್ಲಿ ಈಗಾಗಲೇ ಇದೆ. ಕೊಳ್ಳದಿರುವುದು ಕಾರ್ಟ್ರಿಜ್ ಒಂದೇ, ಅದು ದುಬಾರಿ ಎಂಬ ಕಾರಣಕ್ಕೆ. ಕ್ಷಯದ ಕಾರ್ಟ್ರಿಜ್ ಕೂಡ ಮೊದಲು ದುಬಾರಿಯೇ ಇತ್ತು. ಕ್ಷಯ ಉಸಿರಿನಿಂದ ಎಲ್ಲರಿಗೂ ಹರಡುತ್ತದೆಂಬ ಭಯ ಅದರ ಬೆಲೆಯನ್ನು ಇಳಿಸುವ ಚೌಕಾಶಿಗೆ ಸರ್ಕಾರಗಳನ್ನು ಕೂರಿಸಿತು.